ತಮಟೆ ಬಿಡುವುದು ಹೋರಾಟವಾ, ಬಾರಿಸುವುದು ಹೋರಾಟವಾ?

ಕೆರೆಕೋಡಿ:
ಒಂದು ಗೊಂದಲ ಇದೆ, ತಿಳಿದವರು ಹೇಳಿ. ನಮ್ಮೂರು ಕೋಲಾರ ಜಿಲ್ಲೆ, ಆಂಧ್ರದ ಗಡಿ ಹತ್ತಿರ. ಊರಿನ ಹೆಸರು ಹಾಕುವುದಿಲ್ಲ, ಗಲಾಟೆ ಇನ್ನೂ ತಣ್ಣಗಾಗಿಲ್ಲ. ಈ ಸಲ ಊರಹಬ್ಬಕ್ಕೆ ತಮಟೆ ಬಾರಿಸುವುದಿಲ್ಲ ಅಂತ ನಮ್ಮ ಕೇರಿಯ ಹುಡುಗರು ಹೇಳಿಬಿಟ್ಟಿದ್ದಾರೆ. ಹಬ್ಬಕ್ಕೆ ಮಾತ್ರ ಅಲ್ಲ, ಸಾವಿಗೂ ಇಲ್ಲ. ನಮ್ಮ ತಾತ, ಅಪ್ಪ ಎಲ್ಲರೂ ಬಾರಿಸಿದವರೇ. ಊರಲ್ಲಿ ಯಾರಾದರೂ ಹೋದರು ಅಂದರೆ ರಾತ್ರಿ ಎಷ್ಟೊತ್ತಾಗಿರಲಿ, ಒಬ್ಬರು ಬಂದು ಕೇರಿಯ ತುದಿಯಲ್ಲಿ ನಿಂತು ಕೂಗುತ್ತಿದ್ದರು, ಇವರು ಎದ್ದು ಹೋಗಬೇಕು, ಮಣ್ಣಾಗುವವರೆಗೂ ಬಾರಿಸಬೇಕು. ಸಿಗುತ್ತಿದ್ದದ್ದು ಒಂದಷ್ಟು ರಾಗಿ, ಕುಡಿಯೋಕೆ ದುಡ್ಡು. ಊಟ ಕೊಟ್ಟರೆ ದನದ ಕೊಟ್ಟಿಗೆ ಪಕ್ಕ.

ಹುಡುಗರ ಮಾತು ನನಗೆ ಸರಿ ಅನ್ನಿಸಿತು. ಆದರೆ ಅದೇ ಹುಡುಗರು ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಮೆರವಣಿಗೆಯಲ್ಲಿ ಅದೇ ತಮಟೆ ಹಿಡಿದು ಬೆವರು ಸುರಿಯುವ ಹಾಗೆ ಕುಣಿದರು. ಬೆಂಗಳೂರಿನಲ್ಲಿ ನನ್ನ ಗೆಳೆಯರ ತಂಡ ಒಂದಿದೆ. ಫ್ರೀಡಂ ಪಾರ್ಕಿನಲ್ಲಿ ಧರಣಿ ಇದ್ದಾಗಲೆಲ್ಲ ನನ್ನನ್ನು ಕರೆಯುತ್ತಾರೆ, ನಾನೂ ಖುಷಿಯಿಂದ ಹೋಗಿ ಬಾರಿಸುತ್ತೇನೆ. ಅಪ್ಪ ಕೇಳಿದರು, "ಊರಲ್ಲಿ ಬಾರಿಸಿದರೆ ಅವಮಾನ, ಸಿಟಿಯಲ್ಲಿ ಬಾರಿಸಿದರೆ ಹೋರಾಟ, ಇದೇನಪ್ಪಾ ಲೆಕ್ಕ?" ನನಗೆ ಉತ್ತರ ಹೊಳೆಯಲಿಲ್ಲ. ಕಲೆಯಿಂದ ಮನುಷ್ಯರ ಹಕ್ಕು ಕಾಯಬಹುದು ಅಂತ ಭಾಷಣಗಳಲ್ಲಿ ಕೇಳುತ್ತೇವೆ. ಆ ಕಲೆಯೇ ನಮ್ಮ ಮೇಲೆ ಹೇರಿದ ಚಾಕರಿ ಆಗಿದ್ದರೆ ಏನು ಮಾಡಬೇಕು?

ಜನಪದಪ್ರಿಯ:
ನಿಮ್ಮ ನೋವು ಅರ್ಥ ಆಗುತ್ತದೆ, ಆದರೂ ಒಂದು ಮಾತು. ತಮಟೆ ಬಿಟ್ಟರೆ ಅದು ಮತ್ತೆ ಬರುವುದಿಲ್ಲ. ಹತ್ತಾರು ಗತ್ತುಗಳಿವೆ, ಅಂದರೆ ಬಾರಿಸುವ ವರಸೆಗಳು, ಹಬ್ಬದ್ದು ಬೇರೆ, ಮದುವೆದು ಬೇರೆ, ಸಾವಿನದು ಬೇರೆ. ಇವತ್ತಿನ ಹುಡುಗರಿಗೆ ಮೂರೋ ನಾಲ್ಕೋ ಗೊತ್ತು. ನಿಮ್ಮ ಪಕ್ಕದ ಚಿಕ್ಕಬಳ್ಳಾಪುರದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗಾಗಿಯೇ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ರಾಷ್ಟ್ರಪತಿಗಳ ಮುಂದೆ ಸೆರಗು ಹಿಡಿದು ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಜೋಗತಿಯರ ಬಗ್ಗೆ ನೂರು ಭಾಷಣ ಮಾಡಿದ್ದರೂ ಅಷ್ಟು ಗೌರವ ಬರುತ್ತಿರಲಿಲ್ಲ. ಕಲೆಯೇ ತಂದುಕೊಟ್ಟಿತು ಅಲ್ವಾ? ನಿಮ್ಮ ಹುಡುಗರಿಗೆ ಬುದ್ಧಿ ಹೇಳಿ, ಕೋಪದಲ್ಲಿ ಕಲೆ ಕೈಬಿಡಬೇಡಿ.

ಹಳೇಸೈಕಲ್:
ಜನಪದಪ್ರಿಯ ಅವರೇ, ಬುದ್ಧಿ ಹೇಳುವ ಮೊದಲು ಒಂದು ಸಾವಿನ ಮನೆಯ ಮುಂದೆ ಬೆಳಗಿನವರೆಗೆ ನಿಂತು ನೋಡಿ.

ನಾನು ಎಪ್ಪತ್ತರ ದಶಕದಲ್ಲಿ ಹಾಸ್ಟೆಲ್ ಹುಡುಗ. ಬೂಸಾ ಗಲಾಟೆ ಕಂಡವನು. 1973ರ ನವೆಂಬರ್‌ನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದದ್ದಕ್ಕೆ ಮಂತ್ರಿ ಸ್ಥಾನ ಹೋಯಿತು, ಹಾಸ್ಟೆಲುಗಳಲ್ಲಿದ್ದ ನಮ್ಮ ಹುಡುಗರಿಗೆ ಏಟು ಬಿತ್ತು. ಆ ಏಟಿನ ನಂತರ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಭದ್ರಾವತಿಯ ಪ್ರೊ. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ, ಇನ್ನೂ ಹೆಸರಿಲ್ಲದ ಎಷ್ಟೋ ಜನ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಪುಸ್ತಕ ಕೊಂಡು ಓದಿದವರು ಕಡಿಮೆ. ಆ ಪದ್ಯಗಳು ಊರಿಂದೂರಿಗೆ ಹೋದದ್ದು ಬಾಯಿಂದ, ಜೊತೆಗೆ ತಮಟೆಯಿಂದ. ಸಂಜೆ ಮೇಲೆ ಸೈಕಲ್ ತುಳಿದುಕೊಂಡು ಒಂದು ಕೇರಿಗೆ ಹೋಗುತ್ತಿದ್ದೆವು. ಭಾಷಣ ಅಂದರೆ ಯಾರೂ ಹೊರಗೆ ಬರುತ್ತಿರಲಿಲ್ಲ, ಗೌಡರ ಭಯ. ತಮಟೆ ಕಾಯಿಸೋಕೆ ಬೆಂಕಿ ಹಚ್ಚಿದರೆ ಮಕ್ಕಳು ಬರುತ್ತಿದ್ದವು. ಮಕ್ಕಳ ಹಿಂದೆ ತಾಯಂದಿರು. ಎರಡು ಹಾಡು ಆದ ಮೇಲೆ ಗಂಡಸರು ಬೀಡಿ ಹಚ್ಚಿಕೊಂಡು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಆಮೇಲೆ ಕೆಲಸದ ಮಾತು: ಯಾರ ಜಮೀನು ಯಾರ ಹತ್ತಿರ ಇದೆ, ಯಾರ ಮಗ ಜೀತಕ್ಕಿದ್ದಾನೆ, ಯಾರ ಮೇಲೆ ಕೈ ಮಾಡಿದ್ದಾರೆ.

ಈಗ ನಿಮ್ಮ ಅಪ್ಪನ ಪ್ರಶ್ನೆ. ಹಳೇ ಊರುಗಳಲ್ಲಿ ತೋಟಿ, ತಳವಾರಿಕೆ ಅಂತ ಇತ್ತು, ಅದಕ್ಕೆ ಒಂದು ತುಂಡು ಇನಾಮು ಜಮೀನು. ಸರ್ಕಾರ 1961ರಲ್ಲಿ ಕಾಯ್ದೆ ಮಾಡಿ ವಂಶಪಾರಂಪರ್ಯದ ಊರ ಚಾಕರಿಯನ್ನೆಲ್ಲ ರದ್ದು ಮಾಡಿತು. ಕಾಗದದಲ್ಲಿ ರದ್ದಾಯಿತು, ತಮಟೆ ಮಾತ್ರ ಹೆಗಲಲ್ಲೇ ಉಳಿಯಿತು. ಕೂಗಿದಾಗ ಹೋಗಲೇಬೇಕು ಅನ್ನುವುದು ಇದೆಯಲ್ಲ, ಅಪ್ಪನಿಗೆ ಹೇಳಿ, ಲೆಕ್ಕ ಇರುವುದು ಅಲ್ಲಿ. ಏಪ್ರಿಲ್ 14ಕ್ಕೆ ನಿಮ್ಮನ್ನು ಯಾರೂ ಕೇರಿಯ ತುದಿಯಲ್ಲಿ ನಿಂತು ಕೂಗಲಿಲ್ಲ.

ಬಣ್ಣದಮನೆ:
ರಂಗಭೂಮಿ ಕಡೆಯಿಂದ ಒಂದು ಮಾತು. ಸ್ವಲ್ಪ ನಮ್ಮವರನ್ನೇ ಬೈಯುವ ಮಾತು.

1975ರಲ್ಲಿ 'ಸಮುದಾಯ' ಅನ್ನುವ ರಂಗತಂಡ ಶುರುವಾಯಿತು, ತುರ್ತುಪರಿಸ್ಥಿತಿಯ ವರ್ಷ. ಬಾಯಿಬಿಟ್ಟರೆ ಜೈಲು ಅನ್ನುವ ಕಾಲ. ನಟಿ ಸ್ನೇಹಲತಾ ರೆಡ್ಡಿ ಅವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಂದು ಕೆಲವೇ ದಿನಕ್ಕೆ, 20ನೇ ತಾರೀಖು ತೀರಿಕೊಂಡರು. ಕೆರೆಕೋಡಿ ಅವರು ತಮಟೆ ಬಾರಿಸುವ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಆ ಜೈಲು. ಜೈಲನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಪಾರ್ಕ್ ಮಾಡಿದರು. ಈಗ ಬೆಂಗಳೂರಿನಲ್ಲಿ ಬೇರೆ ಎಲ್ಲೂ ಧರಣಿ ಮಾಡುವ ಹಾಗಿಲ್ಲ, 2021ರ ಆದೇಶದ ಪ್ರಕಾರ ಅಲ್ಲಿಗೇ ಹೋಗಬೇಕು. ಪ್ರತಿಭಟನೆಯನ್ನು ಹಳೇ ಜೈಲಿನ ಕಾಂಪೌಂಡಿನೊಳಗೆ ಕೂರಿಸಿದ್ದಾರೆ, ಯಾರಿಗೂ ನಗು ಬರುವುದಿಲ್ಲವಲ್ಲ.

ಇರಲಿ. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿಯಲ್ಲಿ ಹನ್ನೊಂದು ಜನರನ್ನು ಕೊಂದು ಸುಟ್ಟರು, ಹೆಚ್ಚಿನವರು ದಲಿತರು. ಆ ಘಟನೆ ಮೇಲೆ ಸಮುದಾಯದವರು 'ಬೆಲ್ಚಿ' ಬೀದಿ ನಾಟಕ ಮಾಡಿದರು. ಬಿಹಾರ ಎಲ್ಲಿದೆ ಅಂತ ಗೊತ್ತಿಲ್ಲದ ಊರುಗಳಲ್ಲೂ ಆಡಿದರು. ಜನ ಅತ್ತರು, ಸಿಟ್ಟಾದರು. ಅದು ದೊಡ್ಡ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ತಂಡ ಸಂಜೆ ನಾಟಕ ಆಡಿ ಕೊನೆಯ ಬಸ್ಸಿಗೆ ವಾಪಸ್ಸು. ಮರುದಿನ ಬೆಳಿಗ್ಗೆ ಅದೇ ಗೌಡರ ಹೊಲಕ್ಕೆ ಕೂಲಿಗೆ ಹೋಗಬೇಕಾದವರು ಊರಲ್ಲೇ ಉಳಿದವರು. ನಾಟಕದಲ್ಲಿ ಜೋರಾಗಿ ಚಪ್ಪಾಳೆ ತಟ್ಟಿದವನು ಯಾರು ಅಂತ ಊರವರು ಗುರುತು ಇಟ್ಟುಕೊಂಡಿರುತ್ತಾರೆ. ನಾನೂ ಇಂಥ ತಂಡಗಳ ಜೊತೆ ವರ್ಷಗಟ್ಟಲೆ ಓಡಾಡಿದ್ದೇನೆ. ಮುಂದಿನ ವಾರ ಆ ಊರಿಗೆ ಯಾರು ಹೋಗುತ್ತಾರೆ ಅನ್ನುವ ಪ್ರಶ್ನೆ ನಮ್ಮ ಮೀಟಿಂಗುಗಳಲ್ಲಿ ಬಂದದ್ದು ಬಹಳ ಅಪರೂಪ.

ಹಾಗಾಗಿ ಊರಲ್ಲೇ ಇದ್ದುಕೊಂಡು "ಬಾರಿಸುವುದಿಲ್ಲ" ಅಂದ ಹುಡುಗರು ನಮಗಿಂತ ದೊಡ್ಡ ಬೀದಿ ನಾಟಕ ಆಡುತ್ತಿದ್ದಾರೆ ಅಂತ ನನ್ನ ಅಭಿಪ್ರಾಯ.

ಕಡಲತಡಿಯವಳು:
ನಾನು ಉಡುಪಿ ಕಡೆಯವಳು, ಇಲ್ಲಿನ ಬುಡಕಟ್ಟಿನವರಾದ ಕೊರಗರ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿದ್ದೆ. ನಿಮ್ಮ ತಮಟೆಯ ಕಥೆ ನಮ್ಮಲ್ಲಿ ಡೋಲಿನ ಕಥೆ ಮಾರಾಯ್ರೆ.

ಕಂಬಳದ ಹಿಂದಿನ ರಾತ್ರಿ ಗದ್ದೆ ಬದಿಯಲ್ಲಿ ಕೂತು ಕೊರಗರು ಬೆಳಗಿನವರೆಗೆ ಡೋಲು ಬಾರಿಸಬೇಕು, ಅದಕ್ಕೆ ಪನಿ ಕುಲ್ಲುನಿ ಅಂತ ಹೆಸರು. ಪನಿ ಅಂದರೆ ಇಬ್ಬನಿ. ಬೆಳಿಗ್ಗೆ ಕೋಣ ಓಡಿಸುವ ಮೊದಲು ಅವರನ್ನೇ ಗದ್ದೆಯಲ್ಲಿ ಓಡಿಸುತ್ತಿದ್ದರು, ಕೆಸರಿನಲ್ಲಿ ಗಾಜೋ ಮುಳ್ಳೋ ಇದ್ದರೆ ಅವರ ಕಾಲಿಗೆ ಮೊದಲು ಸಿಗಲಿ ಅಂತ. ಕಾಯಿಲೆಯವರ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಇದೆಲ್ಲ ಸೇರಿ ಅಜಲು. ಇದನ್ನು ನಿಲ್ಲಿಸಲು 2000ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು, ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ. ಸುಮ್ಮನೆ ಬಂದದ್ದಲ್ಲ. ಅದಕ್ಕೂ ಮೊದಲೇ ಕೊರಗರ ಸಂಘದವರು ಮನೆ ಮನೆಗೆ ಹೋಗಿ, ಡೋಲು ಹಿಡಿದುಕೊಂಡು ಅಜಲಿಗೆ ಹೋಗಬೇಡಿ ಅಂತ ಹೇಳಿದ್ದರು.

ಆದರೆ ಡೋಲು ಸತ್ತಿತಾ? ಇಲ್ಲ. ಪ್ರತಿ ಆಗಸ್ಟ್ 18ಕ್ಕೆ ಕೊರಗರು ಭೂಮಿ ಹಬ್ಬ ಮಾಡುತ್ತಾರೆ, 1993ರಲ್ಲಿ ಭೂಮಿಗಾಗಿ ಮಂಗಳೂರಿನಲ್ಲಿ ನಡೆಸಿದ ಹೋರಾಟದ ನೆನಪಿಗೆ. ಅಲ್ಲಿ ಡೋಲು ಬಾರಿಸುವುದನ್ನು ಬಂದು ನೋಡಿ. ಗಂಡಸರು ಡೋಲು, ಜೊತೆಗೆ ಕೊಳಲು, ಹೆಂಗಸರು ಸುತ್ತ ಕುಣಿತ. ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಒಬ್ಬ ಹುಡುಗ ಇದ್ದ, ಕಂಬಳದ ಡೋಲಿಗೆ ಹೋದ ಮರುದಿನ ಅವನ ಅಪ್ಪ ಬೆಂಚಿನ ಮೇಲೆ ಕೂರುತ್ತಿರಲಿಲ್ಲ, ಎಷ್ಟು ಹೇಳಿದರೂ ನೆಲದಲ್ಲೇ. ಭೂಮಿ ಹಬ್ಬದಲ್ಲಿ ಅದೇ ಮನುಷ್ಯ ನನ್ನ ಕೈಗೆ ಡೋಲಿನ ಕೋಲು ಕೊಟ್ಟು "ಟೀಚರ್, ಹೀಗೆ ಹೊಡೀಬೇಕು" ಅಂತ ಜೋರು ಮಾಡಿದ. ನನಗೆ ಬರಲಿಲ್ಲ, ಬಿದ್ದು ಬಿದ್ದು ನಕ್ಕ.

ಇನ್ನೊಂದು ಹೇಳದೆ ಇದ್ದರೆ ಸರಿಯಾಗುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಕೋಟತಟ್ಟಿನ ಕೊರಗರ ಮನೆಯೊಂದರ ಮೆಹಂದಿಯಲ್ಲಿ ಡಿಜೆ ಹಾಕಿದ್ದಾರೆ ಅಂತ ಪೊಲೀಸರು ನುಗ್ಗಿ ಮದುಮಗನ ಸಮೇತ ಹೊಡೆದರು. ಸುದ್ದಿಯಾದ ಮೇಲೆ ಸಬ್ ಇನ್ಸ್‌ಪೆಕ್ಟರ್ ಅಮಾನತಾದರು. ಊರಿಗೆಲ್ಲ ರಾತ್ರಿಯಿಡೀ ಡೋಲು ಬಾರಿಸಿದಾಗ ಯಾರಿಗೂ ಗದ್ದಲ ಅನ್ನಿಸಲಿಲ್ಲ. ಅವರ ಮನೆ ಮದುವೆಗೆ ಅವರೇ ಪದ್ಯ ಹಾಕಿಕೊಂಡರೆ ಗದ್ದಲ.

ಜನಪದಪ್ರಿಯ:
ಕಡಲತಡಿಯವರೇ, ಅಜಲು ಬೇರೆ, ಅದು ಅಮಾನವೀಯ, ಅದರಲ್ಲಿ ಎರಡು ಮಾತಿಲ್ಲ. ಊರಹಬ್ಬದ ತಮಟೆಯನ್ನು ಅದರ ಜೊತೆ ಸೇರಿಸಬಾರದು. ಹಬ್ಬದಲ್ಲಿ ಎಲ್ಲ ಜಾತಿಯವರಿಗೂ ಒಂದೊಂದು ಕೆಲಸ ಇರುತ್ತದೆ. ಮಡಿವಾಳರು ಪಂಜು ಹಿಡಿಯುತ್ತಾರೆ, ಕುಂಬಾರರು ಮಡಕೆ ಕೊಡುತ್ತಾರೆ. ಅದೊಂದು ಒಪ್ಪಂದ, ಊರಿನ ಒಗ್ಗಟ್ಟು.

ಹಾಸ್ಟೆಲ್‌ಹುಡುಗಿ:
ಸರ್, ಆ ಒಪ್ಪಂದದಲ್ಲಿ ನಮ್ಮ ಕಡೆಯವರು ಯಾವತ್ತು ಸಹಿ ಹಾಕಿದ್ದು?

ಮಡಕೆ ಕೊಟ್ಟವರು ಗುಡಿ ಒಳಗೆ ಹೋಗುತ್ತಾರೆ. ತಮಟೆಯವರು ಗುಡಿ ಮೆಟ್ಟಿಲ ಹತ್ತಿರ ನಿಲ್ಲುತ್ತಾರೆ. ದೇವರನ್ನು ಹೊರಗೆ ಕರೆತರುವ ಸದ್ದು ನಮ್ಮದು, ದೇವರ ಮುಖ ನೋಡುವುದು ಮಾತ್ರ ದೂರದಿಂದ. ಇದು ನಮ್ಮೂರಿನ ಮಾತು, ನಿಮ್ಮೂರಲ್ಲಿ ಬೇರೆ ಇದ್ದರೆ ಸಂತೋಷ.

ನಾನು ತುಮಕೂರಿನಲ್ಲಿ ಓದುತ್ತಿದ್ದೇನೆ, ನಮ್ಮ ಹಾಸ್ಟೆಲಿನಲ್ಲಿ ಹುಡುಗಿಯರ ತಮಟೆ ತಂಡ ಇದೆ. ಊರಲ್ಲಿ ಹೆಣ್ಣುಮಕ್ಕಳು ತಮಟೆ ಮುಟ್ಟುವ ಹಾಗಿರಲಿಲ್ಲ, ಕೇರಿಯವರೂ ಬಿಡುತ್ತಿರಲಿಲ್ಲ. ಇಲ್ಲಿ ಕಲಿತೆವು. ಎಡಗೈಯಲ್ಲಿ ಸಪೂರ ಬಿದಿರು ಕಡ್ಡಿ, ಬಲಗೈಯಲ್ಲಿ ದಪ್ಪ ಕಡ್ಡಿ. ತಮಟೆಯನ್ನು ಎದೆಗೂ ಭುಜಕ್ಕೂ ಒತ್ತಿ ಹಿಡಿಯಬೇಕು, ಮೊದಲ ವಾರ ತೋಳು ಮೇಲೆತ್ತೋಕೆ ಆಗುವುದಿಲ್ಲ. ಚರ್ಮದ್ದಾದರೆ ಒಣಹುಲ್ಲು, ಹಳೇ ಪೇಪರ್ ಹಾಕಿ ಬೆಂಕಿ ಕಾಯಿಸಬೇಕು. ಜಾಸ್ತಿ ಕಾದರೆ ಚರ್ಮ ಸೀಳಿ ಹೋಗುತ್ತದೆ, ಕಡಿಮೆ ಕಾದರೆ ದಬದಬ ಅನ್ನುತ್ತದೆ. ಬೆರಳಲ್ಲಿ ತಟ್ಟಿದಾಗ ಟಣ್ ಅಂದರೆ ಸಾಕು. ಮಳೆಗಾಲದಲ್ಲಿ ಅರ್ಧ ಗಂಟೆಗೊಮ್ಮೆ ಕಾಯಿಸಬೇಕು. ಹಾಸ್ಟೆಲಿನಲ್ಲಿ ಬೆಂಕಿ ಹಾಕೋಕೆ ಬಿಡುವುದಿಲ್ಲ, ಹಾಗಾಗಿ ಕಬ್ಬಿಣದ ಬಳೆಗೆ ಪ್ಲಾಸ್ಟಿಕ್ ಹಾಳೆ ಬಿಗಿದದ್ದು ತಂದಿದ್ದೇವೆ. ಸದ್ದು ಚರ್ಮದ ಹಾಗೆ ಇಲ್ಲ, ಕಿವಿಗೆ ಚುಚ್ಚುತ್ತದೆ. ಆದರೆ ಅದನ್ನು ಮುಟ್ಟೋಕೆ ಬೇರೆ ಜಾತಿಯ ಹುಡುಗಿಯರೂ ಬಂದರು. ಚರ್ಮದ್ದಾಗಿದ್ದರೆ ಬರುತ್ತಿದ್ದರಾ? ಗೊತ್ತಿಲ್ಲ, ಕೇಳೋಕೆ ನನಗೂ ಭಯ.

ನಮ್ಮಮ್ಮ ಮೊದಲ ಸಲ ವಿಡಿಯೋ ನೋಡಿ ಫೋನಿನಲ್ಲೇ ಬೈದರು. ಓದೋಕೆ ಕಳಿಸಿದ್ದು ಇದಕ್ಕಾ ಅಂತ. ಕೆರೆಕೋಡಿ ಅಣ್ಣನ ಅಪ್ಪನ ಪ್ರಶ್ನೆಯೇ. ಅಮ್ಮನ ಹತ್ತಿರ ನಾನು ಇನ್ನೂ ಗೆದ್ದಿಲ್ಲ.

ರಾಯಚೂರು ಹಲಗೆ:
ನಾನು ರಾಯಚೂರಿನವ, ಈಗ ಹೈದರಾಬಾದಿನಲ್ಲಿ ಕೆಲಸ. ನಮ್ಮ ಕಡೆ ತಮಟೆಗೆ ಹಲಗೆ ಅಂತಾರೆ, ಇಲ್ಲಿ ಡಪ್ಪು. ತೆಲುಗು ನಾಡಿನಲ್ಲಿ 1994ರಲ್ಲಿ ಪ್ರಕಾಶಂ ಜಿಲ್ಲೆಯ ಒಂದು ಹಳ್ಳಿಯಿಂದ ಮಂದಕೃಷ್ಣ ಮಾದಿಗ ಅವರು ಶುರು ಮಾಡಿದ ಚಳವಳಿಗೆ ದಂಡೋರ ಅಂತಲೇ ಹೆಸರು. ಊರಿಗೆ ಡಂಗುರ ಸಾರುತ್ತಿದ್ದವರು ತಮ್ಮ ಪಾಲಿಗಾಗಿ ಡಂಗುರ ಹೊಡೆದರು. ಡಪ್ಪು ಇಲ್ಲದೆ ಆ ಸಭೆಗಳೇ ಇಲ್ಲ. ಮೂವತ್ತು ವರ್ಷ ಹಿಡಿಯಿತು. 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳಮೀಸಲಾತಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಒಳಗೇ ಪಾಲು ಮಾಡಿ ಕೊಡಬಹುದು ಅಂತ ಹೇಳಿತು.

ನಮ್ಮ ಕರ್ನಾಟಕದಲ್ಲೂ ಅಷ್ಟೇ. ಇದಕ್ಕಾಗಿ ಸದಾಶಿವ ಆಯೋಗ ಮಾಡಿದ್ದು 2005ರಲ್ಲಿ, ವರದಿ 2012ರಲ್ಲಿ, ಸರ್ಕಾರ ಪರಿಶಿಷ್ಟ ಜಾತಿಗಳ ಶೇಕಡ 17 ಮೀಸಲಾತಿಯನ್ನು ಮೂರು ಗುಂಪಿಗೆ 6, 6, 5 ಅಂತ ಹಂಚಿದ್ದು 2025ರ ಆಗಸ್ಟ್‌ನಲ್ಲಿ. ನಡುವೆ ಎಷ್ಟು ಶಾಸಕರ ಮನೆ ಮುಂದೆ ತಮಟೆ ಚಳವಳಿ ನಡೆದಿದೆ ಅಂತ ಲೆಕ್ಕ ಇಟ್ಟವರಿಲ್ಲ. ಹಂಚಿಕೆ ಸರಿಯಾ ತಪ್ಪಾ ಅನ್ನುವ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ಚರ್ಚೆ ಇದೆ. ನಾನು ಹೇಳುವುದು ಇಷ್ಟು: ಹಲಗೆ ಒಂದರಿಂದಲೇ ಆಗಲಿಲ್ಲ, ಕೋರ್ಟು, ಅಂಕಿಅಂಶ, ಓಟಿನ ಲೆಕ್ಕ ಎಲ್ಲ ಬೇಕಾಯಿತು. ಆದರೆ ಮೂವತ್ತು ವರ್ಷ ಜನ ಬೇಜಾರಾಗಿ ಮನೆಗೆ ಹೋಗದೆ ಉಳಿದದ್ದು ಹಲಗೆಯಿಂದ.

ಇನ್ನೊಂದು ತಮಾಷೆ. ಕಂದಾಯ ಕಟ್ಟದವರ ಅಂಗಡಿ ಮುಂದೆ ಸರ್ಕಾರಿ ಕಚೇರಿಯವರೇ ತಮಟೆ ಹೊಡೆಸಿದ್ದನ್ನು ಪೇಪರಿನಲ್ಲಿ ಓದಿದ್ದೀರಲ್ಲ? ಮರ್ಯಾದೆ ತೆಗೆಯೋಕೆ ಸರ್ಕಾರಕ್ಕೂ ಅದೇ ಬೇಕು! ಅದಕ್ಕೂ ನಮ್ಮ ಹುಡುಗರೇ ಕೂಲಿಗೆ.

ಕೆರೆಕೋಡಿ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಹಳೇಸೈಕಲ್ ಅವರ ಮಾತು ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು, ಆಮೇಲೆ "ಹಾಡು ಹೇಳಿಕೊಂಡು ಬಂದೋರು ಕಂಬಾಲಪಲ್ಲಿಗೆ ಏನು ಮಾಡಿದರು ಕೇಳು" ಅಂದರು.

ಹಳೇಸೈಕಲ್:
ನಿಮ್ಮಪ್ಪ ಸರಿಯಾದ ಜಾಗಕ್ಕೇ ಹೊಡೆದರು.

ಗೊತ್ತಿಲ್ಲದವರಿಗೆ: ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ದ ಮಾರ್ಚ್ 11ರ ರಾತ್ರಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಇಟ್ಟರು. ರಾಜ್ಯದ ತುಂಬ ಮೆರವಣಿಗೆ, ಹಾಡು, ಕವಿತೆ. ನಾನೂ ಹಾಡಿದ್ದೇನೆ. 2006ರಲ್ಲಿ ಕೋರ್ಟಿನ ತೀರ್ಪು ಬಂತು, ಎಲ್ಲ ಆರೋಪಿಗಳೂ ಖುಲಾಸೆ. ಸಾಕ್ಷಿಗಳು ತಿರುಗಿಬಿದ್ದಿದ್ದರು. ಹೈಕೋರ್ಟಿನಲ್ಲೂ ಅದೇ ಉಳಿಯಿತು. ಸಾಕ್ಷಿ ಹೇಳಬೇಕಾದವರು ಆರು ವರ್ಷ ಅದೇ ಊರಲ್ಲಿ, ಅದೇ ಜನರ ನಡುವೆ ಬದುಕಬೇಕಿತ್ತು. ನಮ್ಮ ಹಾಡುಗಳು ಕೋಲಾರ, ಬೆಂಗಳೂರು, ಮೈಸೂರಿನ ಸ್ಟೇಜುಗಳಲ್ಲಿ ಮೊಳಗುತ್ತಿದ್ದಾಗ ಆ ಸಾಕ್ಷಿಗಳ ಮನೆ ಬಾಗಿಲಲ್ಲಿ ಎಷ್ಟು ಜನ ಇದ್ದರು? ಬಣ್ಣದಮನೆಯವರು ಕೊನೆಯ ಬಸ್ಸಿನ ಮಾತು ಹೇಳಿದರಲ್ಲ, ಅದು ನಾಟಕದವರಿಗೆ ಮಾತ್ರ ಅಲ್ಲ.

ವಕೀಲಮ್ಮ:
ಇದಕ್ಕೆ ಎದುರು ಒಂದು ಕೇಸ್ ಹೇಳುತ್ತೇನೆ. ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಅದಕ್ಕೂ ಮೊದಲು ಕ್ಷೌರದ ಅಂಗಡಿ, ಹೋಟೆಲುಗಳಲ್ಲಿ ತಾರತಮ್ಯದ ಜಗಳ ಇತ್ತು. ಅಲ್ಲಿಯೂ ಹಾಡು ಇತ್ತು, ಧರಣಿ ಇತ್ತು. ಆದರೆ ಸಂಘಟನೆಯವರು ಆ ಊರನ್ನು ಬಿಡಲಿಲ್ಲ, ಸಾಕ್ಷಿಗಳ ಬೆನ್ನಿಗೆ ವರ್ಷಗಟ್ಟಲೆ ನಿಂತರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿದೆ, ಅದು ಮೇಲ್ಮನವಿಯ ದಾರಿ. ಹತ್ತು ವರ್ಷ ಸಾಕ್ಷಿಗಳು ಕುಸಿಯದೆ ನಿಂತರಲ್ಲ, ನನಗೆ ಮುಖ್ಯ ಅದು.

ಈಗ ಕೆರೆಕೋಡಿ ಅವರ ಊರಿನ ವಿಚಾರ, ಭಾವನೆ ಪಕ್ಕಕ್ಕಿಟ್ಟು. ಬಿಟ್ಟಿ ಚಾಕರಿ ಸಂವಿಧಾನದ 23ನೇ ವಿಧಿಯಲ್ಲೇ ನಿಷೇಧ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ, 1989ರದ್ದು, ಅದರ 3(1)(ಎಚ್) ಪ್ರಕಾರ ಬೇಗಾರಿ ಅಥವಾ ಬಲವಂತದ ದುಡಿಮೆ ಮಾಡಿಸುವುದು ಅಪರಾಧ. ಬಾರಿಸದಿದ್ದರೆ ಅಂಗಡಿಯಲ್ಲಿ ಸಾಮಾನು ಕೊಡಬೇಡಿ, ಹೊಲಕ್ಕೆ ಕೂಲಿಗೆ ಕರೆಯಬೇಡಿ ಅಂತ ಊರಲ್ಲಿ ತೀರ್ಮಾನ ಮಾಡಿದರೆ, ಹಾಗೆ ಮಾಡುತ್ತೇವೆ ಅಂತ ಹೆದರಿಸಿದರೂ ಸಾಕು, 3(1)(ಜೆಡ್‌ಸಿ) ಸಾಮಾಜಿಕ, ಆರ್ಥಿಕ ಬಹಿಷ್ಕಾರ. ಇದು 2016ರ ಜನವರಿಯಿಂದ ಜಾರಿಯಲ್ಲಿದೆ. ಸಹಾಯವಾಣಿ 14566. ಹಣ ಕೊಟ್ಟರೂ ಬೇಡ ಅನ್ನುವ ಹಕ್ಕು ಇದೆ, ಅದನ್ನು ಜನ ಮರೆಯುತ್ತಾರೆ. ನಾಟಕದವರನ್ನು ಯಾರೂ ನೀನು ನಾಳೆ ಬಂದು ಆಡಲೇಬೇಕು ಅಂತ ಹಿಡಿದುಕೊಂಡು ಹೋಗುವುದಿಲ್ಲ. ತಮಟೆಯವರಿಗೂ ಅಷ್ಟೇ ಸ್ವಾತಂತ್ರ್ಯ.

ಊರಲ್ಲಿ ಈಗ ಪರಿಸ್ಥಿತಿ ಏನು? ಹೆದರಿಕೆ ಹಾಕಿದ್ದಾರಾ?

ಕೆರೆಕೋಡಿ:
ಬಾಯಿಮಾತಲ್ಲಿ ಹಾಕಿದ್ದಾರೆ ಮೇಡಂ. ಹಾಲಿನ ಡೈರಿಯಲ್ಲಿ ನಮ್ಮ ಹಾಲು ಹಾಕಿಸಿಕೊಳ್ಳುವುದಿಲ್ಲ ಅಂತ ಒಬ್ಬರು ಅಂದರು. ಇನ್ನೂ ನಿಲ್ಲಿಸಿಲ್ಲ. ಹಬ್ಬಕ್ಕೆ ಪಟ್ಟಣದಿಂದ ಬ್ಯಾಂಡ್‌ಸೆಟ್ ಮಾತಾಡಿದ್ದಾರಂತೆ. ತಮಾಷೆ ಏನು ಅಂದರೆ ಬ್ಯಾಂಡಿನವರಿಗೆ ಮುಂಗಡ ಕೊಟ್ಟಿದ್ದಾರೆ, ಊಟ, ಗಾಡಿ ಬಾಡಿಗೆ ಎಲ್ಲ ಬೇರೆ. ನಮ್ಮಪ್ಪ ಇಷ್ಟು ವರ್ಷದಲ್ಲಿ ಮುಂಗಡ ಅನ್ನುವ ಮಾತೇ ಕೇಳಿಲ್ಲ.

ಕೇರಿಯಲ್ಲೂ ಒಂದೇ ಮಾತಿಲ್ಲ. ವಯಸ್ಸಾದ ಇಬ್ಬರು ಬಾರಿಸುತ್ತೇವೆ ಅನ್ನುತ್ತಿದ್ದಾರೆ, ದೇವಿಗೆ ಮಾಡುವ ಸೇವೆ ನಿಲ್ಲಿಸಿದರೆ ಕೇಡಾಗುತ್ತದೆ ಅಂತ. ಹುಡುಗರು ಅವರ ತಮಟೆ ಒಡೆದು ಹಾಕುತ್ತೇವೆ ಅಂದರು. ಅದು ನನಗೆ ಹಿಡಿಸಲಿಲ್ಲ.

ಬಣ್ಣದಮನೆ:
ಒಡೆಯುವುದು ಬೇಡವೇ ಬೇಡ. ಆ ಇಬ್ಬರು ಅಜ್ಜಂದಿರಿಗೆ ಗೊತ್ತಿರುವ ಗತ್ತು ಹುಡುಗರಿಗೆ ಯಾರು ಹೇಳಿಕೊಡುತ್ತಾರೆ? ಇಲ್ಲಿ ಜನಪದಪ್ರಿಯ ಅವರ ಆತಂಕವನ್ನು ನಾನು ಒಪ್ಪುತ್ತೇನೆ, ಅವರ ಮದ್ದನ್ನು ಒಪ್ಪುವುದಿಲ್ಲ.

ಮಹಾರಾಷ್ಟ್ರದಲ್ಲಿ ಹೀಗೇ ಆಗಿತ್ತು. 1927ರ ಮಾರ್ಚ್‌ನಲ್ಲಿ ಮಹಾಡಿನಲ್ಲಿ ಅಂಬೇಡ್ಕರ್ ಸತ್ತ ದನ ತಿನ್ನುವುದು ಬಿಡಿ, ಹೀನ ಚಾಕರಿ ಬಿಡಿ ಅಂದರು. ಜನ ಬಿಟ್ಟರು, ಏಟನ್ನೂ ತಿಂದರು. ತಮಾಷಾ ಅನ್ನುವ ಜನಪದ ಆಟ ಆಡುತ್ತಿದ್ದ ಮಹಾರ್ ಜಾತಿಯ ಕಲಾವಿದರು ಏನು ಮಾಡಿದರು? ಭೀಮರಾವ್ ಕರ್ಡಕ್ ಅಂಥವರು ಆ ಆಟದ ಚೌಕಟ್ಟು ಇಟ್ಟುಕೊಂಡು, ಅಶ್ಲೀಲ ಹಾಸ್ಯ, ಹೆಣ್ಣಿನ ಕುಣಿತ ತೆಗೆದುಹಾಕಿ, ಓದು, ಕೆರೆ ನೀರು, ಸಂಘಟನೆಯ ಮಾತು ತುಂಬಿದರು. ಅದೇ ಅಂಬೇಡ್ಕರಿ ಜಲಸಾ. ನಮ್ಮ ಕೋಲಾರದಲ್ಲೇ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಬೆಟ್ಟದ ಮೇಲೆ 'ಆದಿಮ' ಅನ್ನುವ ಸಾಂಸ್ಕೃತಿಕ ಕೇಂದ್ರ ಕಟ್ಟಿ ಹುಣ್ಣಿಮೆ ರಾತ್ರಿ ಹಾಡು, ನಾಟಕ ಮಾಡಿದರು. ತಮಟೆ ಅಲ್ಲಿ ಸ್ಟೇಜಿನ ನಡುವೆ. ಕೆರೆಕೋಡಿ ಅವರೇ, ನಿಮಗೆ ಹತ್ತಿರ, ಹುಡುಗರನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ.

ಹಾಸ್ಟೆಲ್‌ಹುಡುಗಿ:
ಅಜ್ಜಂದಿರ ಗತ್ತುಗಳನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ ಅಣ್ಣ. ಸಾವಿನ ಗತ್ತು ಕೂಡ. ನಮ್ಮ ತಂಡದಲ್ಲಿ ಅದನ್ನು ಬಾರಿಸುವುದಿಲ್ಲ ಅಂತ ಮೊದಲು ತೀರ್ಮಾನ ಮಾಡಿದ್ದೆವು. ಆಮೇಲೆ ಮ್ಯಾನ್‌ಹೋಲಿಗೆ ಇಳಿದು ಸತ್ತ ಕಾರ್ಮಿಕರಿಗಾಗಿ ಒಂದು ಪ್ರತಿಭಟನೆ ಇತ್ತು. ಅಲ್ಲಿ ಬೇರೆ ಯಾವ ಗತ್ತೂ ಹೊಂದಲಿಲ್ಲ, ಅದನ್ನೇ ಬಾರಿಸಿದೆವು. ಕಚೇರಿಯ ಜನ ಕಿಟಕಿಗೆ ಬಂದರು. ಒಬ್ಬ ಅಧಿಕಾರಿ ಇದನ್ನು ಮಾತ್ರ ನಿಲ್ಲಿಸಿ, ಅಪಶಕುನ ಅಂದರು. ಘೋಷಣೆ ಎಷ್ಟು ಬೇಕಾದರೂ ಕೂಗಿ ಅಂತ!

ಜನಪದಪ್ರಿಯ:
ಬುದ್ಧಿ ಹೇಳಿ ಅಂದ ಮಾತು ಬಿಡಿ. ನಾನು ಹಳೇ ಗತ್ತುಗಳ ಧ್ವನಿಮುದ್ರಣ ಮಾಡುವವನು, ಒಳ್ಳೆಯ ಮೈಕು ಇದೆ. ಕೇರಿಯವರು ಒಪ್ಪಿದರೆ ಬರುತ್ತೇನೆ, ಅಜ್ಜಂದಿರಿಗೆ ಸಂಭಾವನೆ ಕೊಟ್ಟೇ ಮಾಡುತ್ತೇನೆ. ಊರಹಬ್ಬದ ಒಗ್ಗಟ್ಟಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದನ್ನು ಇನ್ನೊಂದು ದಿನ ಜಗಳವಾಡೋಣ.

ಹಳೇಸೈಕಲ್:
ಬನ್ನಿ. ಆದರೆ ಮುದ್ರಣದ ಹಕ್ಕು ಯಾರದ್ದು ಅಂತ ಮೊದಲೇ ಬರೆದುಕೊಡಿ. ನಮ್ಮವರ ಎಷ್ಟೋ ಹಾಡು ಸಂಗ್ರಹ ಮಾಡಿದವರ ಹೆಸರಲ್ಲಿ ಪುಸ್ತಕವಾಗಿದೆ, ಹಾಡಿದವರ ಹೆಸರು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ.

ಕೆರೆಕೋಡಿ:
ನಿನ್ನೆ ಕೇರಿಯ ಸಮುದಾಯ ಭವನದಲ್ಲಿ ಕೂತು ಮಾತಾಡಿದೆವು. ಸಾವಿಗೆ ಯಾರೂ ಹೋಗುವುದಿಲ್ಲ, ಅದರಲ್ಲಿ ಎಲ್ಲರೂ ಒಂದೇ. ಹಬ್ಬಕ್ಕೆ ಬೇಕಿದ್ದರೆ ಬ್ಯಾಂಡ್‌ಸೆಟ್‌ಗೆ ಕೊಟ್ಟಷ್ಟೇ ಹಣ, ಮುಂಗಡ, ಎಲ್ಲರ ಜೊತೆ ಪಂಕ್ತಿಯಲ್ಲಿ ಊಟ, ಗುಡಿ ಒಳಗೆ ಪ್ರವೇಶ. ಇಷ್ಟಕ್ಕೂ ಹೂಂ ಅಂದರೆ ಮಾತ್ರ, ಅದೂ ಇಷ್ಟ ಇದ್ದವರು ಮಾತ್ರ. ಅಜ್ಜಂದಿರು ಒಪ್ಪಿದರು, ಒಬ್ಬರು ಗೊಣಗಿಕೊಂಡೇ. ಅಪ್ಪ ಏನೂ ಮಾತಾಡಲಿಲ್ಲ, ಆದರೆ "ಮುಂಗಡ ಅನ್ನೋದು ಮೊದಲ ಸಾಲಲ್ಲೇ ಬರಿ" ಅಂದರು.

ಪಂಚಾಯಿತಿಗೆ ಕೊಡೋಕೆ ಪತ್ರ ಬರೆದಿದ್ದೇನೆ. ವಕೀಲಮ್ಮ ಮೇಡಂ, ನಿಮಗೆ ಮೆಸೇಜಿನಲ್ಲಿ ಕಳಿಸಿದ್ದೇನೆ, ಒಮ್ಮೆ ನೋಡಿ.

ವಕೀಲಮ್ಮ:
ನೋಡಿದೆ. ಚೆನ್ನಾಗಿದೆ. "ದಯವಿಟ್ಟು ಅನುಮತಿ ಕೊಡಬೇಕಾಗಿ ಪ್ರಾರ್ಥನೆ" ಅನ್ನುವ ಸಾಲು ತೆಗೆದುಹಾಕಿ, ಬಾರಿಸದೆ ಇರೋಕೆ ಯಾರ ಅನುಮತಿಯೂ ಬೇಡ. "ತಿಳಿಸುತ್ತಿದ್ದೇವೆ" ಅಂತ ಬರೆಯಿರಿ. ಡೈರಿಯ ಮಾತನ್ನು ಯಾರು, ಯಾವತ್ತು, ಯಾರ ಎದುರು ಹೇಳಿದರು ಅಂತ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಈ ಪತ್ರದಲ್ಲಿ ಬೇಡ. ಪ್ರತಿ ಮೂರು ಮಾಡಿ: ಒಂದು ಪಂಚಾಯಿತಿಗೆ, ಒಂದು ತಹಶೀಲ್ದಾರರಿಗೆ, ಒಂದು ನಿಮ್ಮ ಹತ್ತಿರ. ಕೊಟ್ಟ ಕಡೆಯೆಲ್ಲ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಬ್ಬದ ದಿನ ನಾನು ಕೋಲಾರದಲ್ಲೇ ಇರುತ್ತೇನೆ, ಫೋನ್ ಆನ್ ಇರುತ್ತದೆ.

ಹಳೇಸೈಕಲ್:
ನಾನೂ ಬರುತ್ತೇನೆ. ಹಿಂದಿನ ದಿನವೇ ಬಂದು ಹಬ್ಬದ ಮರುದಿನವೂ ಕೇರಿಯಲ್ಲೇ ಇರುತ್ತೇನೆ, ಮಲಗೋಕೆ ಒಂದು ಚಾಪೆ ನೋಡಿರಿ. ಇಲ್ಲಿ ಇನ್ನು ಯಾರಾದರೂ ಬರುವುದಿದ್ದರೆ ಕೆರೆಕೋಡಿಗೆ ಈಗಲೇ ಹೇಳಿ, ಊಟದ ವ್ಯವಸ್ಥೆ ಮಾಡಬೇಕಲ್ಲ.